ಟಿಮಕ್ಸಿಗೆ ಬಣ್ಣ ಹಚ್ಚುವುದು, ಹಚ್ಚಿದ್ದನ್ನು ಉಳಿಸಿಕೊಳ್ಳುವುದು

ಟಿಮಕ್ಸ್ ಅನ್ನು ಮೊದಲ ಸಲ ತೆರೆದವರಿಗೆ ಪರದೆಯ ಕೆಳಗೆ ಒಂದು ಹಸಿರು ಪಟ್ಟಿ ಕಾಣುತ್ತದೆ. ಹಸಿರು ಹಿನ್ನೆಲೆ, ಕಪ್ಪು ಅಕ್ಷರ. ವರ್ಷಗಟ್ಟಲೆ ಅದನ್ನೇ ನೋಡಿಕೊಂಡು ಕೆಲಸ ಮಾಡುವವರು ತುಂಬಾ ಜನ ಇದ್ದಾರೆ. ನಾನೂ ಹಾಗೇ ಇದ್ದೆ. ಒಂದು ರಾತ್ರಿ ಎರಡು ಸರ್ವರ್‌ಗಳಿಗೆ ಒಟ್ಟಿಗೆ ಲಾಗಿನ್ ಆಗಿದ್ದೆ. ಒಂದು ಟೆಸ್ಟಿಂಗಿಗೆ ಇಟ್ಟಿದ್ದು, ಇನ್ನೊಂದು ಗ್ರಾಹಕರು ಬಳಸುತ್ತಿದ್ದದ್ದು. ಎರಡರಲ್ಲೂ ಅದೇ ಹಸಿರು ಪಟ್ಟಿ. ಟೆಸ್ಟಿಂಗ್ ಸರ್ವರ್‌ನಲ್ಲಿ ನಿಲ್ಲಿಸಬೇಕಿದ್ದ ಸರ್ವೀಸನ್ನು ಇನ್ನೊಂದರಲ್ಲಿ ನಿಲ್ಲಿಸಿಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ ಆ ಸರ್ವರ್‌ನ ಪಟ್ಟಿಯನ್ನು ಕೆಂಪು ಮಾಡಿದೆ. ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ ಒಂದೇ ಸಾಲು. ಆವತ್ತಿನಿಂದ ಟಿಮಕ್ಸ್ ಬಣ್ಣಗಳನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಟಿಮಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಟರ್ಮಿನಲ್ ಮಲ್ಟಿಪ್ಲೆಕ್ಸರ್. ಟರ್ಮಿನಲ್ ಅಂದರೆ ಆದೇಶಗಳನ್ನು ಟೈಪ್ ಮಾಡುವ, ಬರೀ ಅಕ್ಷರಗಳ ಕಿಟಕಿ. ಒಂದೇ ಟರ್ಮಿನಲ್ ಕಿಟಕಿಯೊಳಗೆ ಹಲವು ವಿಂಡೋ, ಒಂದೊಂದು ವಿಂಡೋದಲ್ಲೂ ಹಲವು ಪೇನ್ (ವಿಂಡೋದ ಭಾಗ) ಮಾಡಿಕೊಳ್ಳಬಹುದು. ನೆಟ್ ಹೋದರೂ ಸರ್ವರ್‌ನಲ್ಲಿ ನಡೆಯುತ್ತಿದ್ದ ಕೆಲಸ ನಿಲ್ಲುವುದಿಲ್ಲ. ಮತ್ತೆ ಲಾಗಿನ್ ಆಗಿ ಅಟ್ಯಾಚ್ ಮಾಡಿದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ನಿಕೋಲಸ್ ಮ್ಯಾರಿಯಟ್ ಇದನ್ನು ಬರೆಯಲು ಶುರುಮಾಡಿದ್ದು 2007ರಲ್ಲಿ. 2009ರಲ್ಲಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ 4.6 ಆವೃತ್ತಿಯ ಜೊತೆಗೇ ಇದು ಬಂತು. ಈಗ ಲಿನಕ್ಸ್ ಸರ್ವರ್‌ಗಳಲ್ಲಿ ದಿನಪೂರ್ತಿ ಕೂರುವವರಿಗೆ ಇದು ಮನೆ ಇದ್ದ ಹಾಗೆ.

ಒಂದು ಸಣ್ಣ ಸೂಚನೆ. ಆಯ್ಕೆಗಳ ಮತ್ತು ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಫೈಲಿಗೆ ಹಾಕುವಾಗ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

ಬಣ್ಣ ತೀರ್ಮಾನ ಆಗುವುದು ಎಲ್ಲಿ

ಥೀಮ್, ಅಂದರೆ ಸಿದ್ಧ ಬಣ್ಣಗಳ ಜೋಡಣೆ, ಹಾಕಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಫೋಟೋದಲ್ಲಿ ಚೆಂದ ಇತ್ತು, ನನ್ನ ಪರದೆಯಲ್ಲಿ ಯಾಕೆ ಹೀಗೆ?" ಇದಕ್ಕೆ ಉತ್ತರ ಬೇಕಾದರೆ ಬಣ್ಣವನ್ನು ಯಾರು ತೀರ್ಮಾನ ಮಾಡುತ್ತಾರೆ ಅಂತ ಮೊದಲು ತಿಳಿಯಬೇಕು.

ಇಲ್ಲಿ ಮೂವರಿದ್ದಾರೆ. ಒಳಗೆ ವಿಮ್, ಗಿಟ್, ಎಲ್ಎಸ್‌ನಂಥ ಪ್ರೋಗ್ರಾಂಗಳು. ಹೊರಗೆ ನಿಮ್ಮ ಟರ್ಮಿನಲ್ ಎಮ್ಯುಲೇಟರ್, ಅಂದರೆ ನಿಜವಾಗಿ ಪರದೆ ಮೇಲೆ ಚುಕ್ಕಿ ಬೆಳಗಿಸುವವನು. ನಡುವೆ ಟಿಮಕ್ಸ್. ಒಳಗಿನವರು ಕಳಿಸಿದ್ದನ್ನು ಟಿಮಕ್ಸ್ ಹಾಗೆಯೇ ಹೊರಗೆ ದಾಟಿಸುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಟಿಮಕ್ಸ್ ತಾನೇ ಒಂದು ಟರ್ಮಿನಲ್. ಅದರ ಹತ್ತಿರ ಶಾಲೆಯ ಚೌಕುಳಿ ಪುಸ್ತಕದಂಥ ಒಂದು ಹಾಳೆ ಇದೆ. ಒಂದೊಂದು ಚೌಕದಲ್ಲಿ ಯಾವ ಅಕ್ಷರ, ಅದರ ಬಣ್ಣ ಯಾವುದು, ಹಿನ್ನೆಲೆ ಯಾವುದು, ದಪ್ಪವೋ ಓರೆಯೋ ಅಂತ ಬರೆದುಕೊಳ್ಳುತ್ತದೆ. ಆಮೇಲೆ ಆ ಹಾಳೆಯನ್ನು ನೋಡಿ, ಹೊರಗಿನ ಟರ್ಮಿನಲ್‌ಗೆ ಅರ್ಥವಾಗುವ ಭಾಷೆಯಲ್ಲಿ ಮತ್ತೆ ಹೇಳುತ್ತದೆ. ಸೆಷನ್ (ತೆರೆದಿಟ್ಟ ವಿಂಡೋಗಳ ಗುಂಪು) ಬಿಟ್ಟು ಬೇರೆ ಲ್ಯಾಪ್‌ಟಾಪಿನಿಂದ ಬಂದು ಸೇರಿಕೊಂಡರೂ ಎಲ್ಲವೂ ಹಾಗೇ ಕಾಣುವುದು ಈ ಹಾಳೆಯಿಂದಲೇ. ಬಣ್ಣ ಕೆಡುವುದು ಕೂಡ ಸಾಮಾನ್ಯವಾಗಿ ಈ "ಮತ್ತೆ ಹೇಳುವ" ಹೆಜ್ಜೆಯಲ್ಲೇ.

ಬಣ್ಣ ಹೇಳಲು ಮೂರು ರೀತಿ ಇವೆ. ಮನೆಗೆ ಪೇಂಟ್ ಮಾಡಿಸುವುದನ್ನು ನೆನಪಿಸಿಕೊಳ್ಳಿ. ಪೇಂಟರ್‌ಗೆ "ತಿಳಿ ಹಳದಿ ಹೊಡೆಯಪ್ಪಾ" ಅಂತ ಹೇಳಬಹುದು. ಯಾವ ತಿಳಿ ಹಳದಿ ಅನ್ನುವುದು ಅವನಿಗೆ ಬಿಟ್ಟಿದ್ದು. ಶೇಡ್ ಕಾರ್ಡ್ ತೆಗೆದು ಒಂದು ನಂಬರ್ ತೋರಿಸಬಹುದು. ಇಲ್ಲವೇ ಅಂಗಡಿಯ ಮಿಕ್ಸಿಂಗ್ ಮಷಿನ್‌ಗೆ ಯಾವ ಬಣ್ಣ ಎಷ್ಟು ಅಂತ ಅಳತೆ ಕೊಡಬಹುದು.

ಟರ್ಮಿನಲ್‌ನಲ್ಲೂ ಹೀಗೇ. ಮೊದಲನೆಯದು 16 ಹೆಸರುಗಳು. ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಮೆಜೆಂಟಾ, ಸಯಾನ್, ಬಿಳಿ. ಈ ಎಂಟು, ಇವುಗಳದ್ದೇ ಬ್ರೈಟ್ ರೂಪದ ಇನ್ನೊಂದು ಎಂಟು. ಇವು ಬರೀ ಹೆಸರುಗಳು. ಟಿಮಕ್ಸ್ "ಕೆಂಪು" ಅಂದರೆ ಅದು ಟೊಮ್ಯಾಟೊ ಕೆಂಪೋ ಇಟ್ಟಿಗೆ ಕೆಂಪೋ ಅಂತ ತೀರ್ಮಾನಿಸುವುದು ಹೊರಗಿನ ಟರ್ಮಿನಲ್‌ನ ಸೆಟ್ಟಿಂಗ್.

ಎರಡನೆಯದು ಶೇಡ್ ಕಾರ್ಡ್. ಸೊನ್ನೆಯಿಂದ 255ರವರೆಗೆ ನಂಬರ್. ಇದರಲ್ಲಿ ಮೊದಲ 16 ಮೇಲಿನ ಹೆಸರುಗಳೇ. 16ರಿಂದ 231ರವರೆಗೆ ಒಂದು ಘನ: ಕೆಂಪು, ಹಸಿರು, ನೀಲಿ ಮೂರಕ್ಕೂ ಆರಾರು ಮಟ್ಟ, ಆರು ಗುಣಿಸು ಆರು ಗುಣಿಸು ಆರು, ಒಟ್ಟು 216. ಮಟ್ಟಗಳು 0, 95, 135, 175, 215, 255. ಮೊದಲ ಜಿಗಿತವೇ 95. ಕಡು ಬಣ್ಣಗಳು ಈ ಕಾರ್ಡಿನಲ್ಲಿ ಯಾಕೆ ಕಡಿಮೆ ಅಂತ ಇದರಿಂದ ಗೊತ್ತಾಗುತ್ತದೆ. ಕೊನೆಯ 24, ಅಂದರೆ 232ರಿಂದ 255, ಕಪ್ಪಿನಿಂದ ಬಿಳಿಯ ಕಡೆಗೆ ಹೋಗುವ ಬೂದು ಬಣ್ಣಗಳು. ಟಿಮಕ್ಸ್‌ನಲ್ಲಿ ಇವನ್ನು ಕಲರ್235, ಕಲರ್110 ಅಂತ ಬರೆಯುತ್ತಾರೆ. ಹಳೆಯ ಕಾನ್ಫಿಗ್‌ಗಳಲ್ಲಿ ಕಲರ್ ಅನ್ನುವಲ್ಲಿ ಯು ಅಕ್ಷರ ಸೇರಿಸಿದ ಬ್ರಿಟಿಷ್ ಸ್ಪೆಲಿಂಗ್ ಕಂಡರೆ ಗಾಬರಿ ಬೇಡ. ಮ್ಯಾನ್ಯುಯಲ್‌ನಲ್ಲಿ ಇರುವುದೂ ಅದೇ.

ಮೂರನೆಯದು 24 ಬಿಟ್ ಬಣ್ಣ. ಹ್ಯಾಶ್ ಹಾಕಿ ಆರು ಅಕ್ಷರ, ಉದಾಹರಣೆಗೆ #282828. ಗ್ರುವ್‌ಬಾಕ್ಸ್ ಥೀಮಿನ ಕಡು ಹಿನ್ನೆಲೆ ಇದೇ. ಸುಮಾರು 1 ಕೋಟಿ 67 ಲಕ್ಷ ಬಣ್ಣ ಹೀಗೆ ಹೇಳಬಹುದು. ಟಿಮಕ್ಸಿಗೆ ಈ ಶಕ್ತಿ ಬಂದದ್ದು 2016ರ 2.2 ಆವೃತ್ತಿಯಲ್ಲಿ.

ಈಗ ಕೆಡುವ ಜಾಗ ನೋಡಿ. ನೀವು #282828 ಅಂದಿರಿ. ಹೊರಗಿನ ಟರ್ಮಿನಲ್‌ಗೆ 24 ಬಿಟ್ ಬಣ್ಣ ಬರುತ್ತದೆ ಅಂತ ಟಿಮಕ್ಸಿಗೆ ಗೊತ್ತಿಲ್ಲದಿದ್ದರೆ, ಅದು ಶೇಡ್ ಕಾರ್ಡಿನಲ್ಲಿ ಹತ್ತಿರದ ನಂಬರ್ ಹುಡುಕುತ್ತದೆ. ಬೂದು ಸಾಲಿನ 235 ಸಿಗುತ್ತದೆ, ಅದು #262626. ಇಷ್ಟು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಆದರೆ ನೀಲಿ ಛಾಯೆ ಇರುವ ಕಡು ಹಿನ್ನೆಲೆಗಳಿಗೆ ಈ ಅದೃಷ್ಟ ಇಲ್ಲ. ಘನದಲ್ಲಿ ಸೊನ್ನೆಗೂ 95ಕ್ಕೂ ನಡುವೆ ಏನೂ ಇಲ್ಲ ಅಲ್ವಾ? ಹಾಗಾಗಿ ಅವು ಬರೀ ಬೂದು ಆಗಿಬಿಡುತ್ತವೆ. ಥೀಮಿನ ಜೀವವೇ ಆ ನೀಲಿಯಲ್ಲಿದ್ದರೆ, ಅದು ಅಲ್ಲೇ ಹೋಯಿತು.

ಟಿಮಕ್ಸಿಗೆ ಹೇಳಬೇಕಾದ ಎರಡು ಮಾತು

ಎರಡು ಬೇರೆ ಬೇರೆ ಆಯ್ಕೆಗಳಿವೆ, ಇವನ್ನು ಕಲಸಿಕೊಳ್ಳುವವರೇ ಜಾಸ್ತಿ. ಡಿಫಾಲ್ಟ್-ಟರ್ಮಿನಲ್ ಅನ್ನುವುದು ಟಿಮಕ್ಸ್ ತನ್ನ ಒಳಗಿನ ಪ್ರೋಗ್ರಾಂಗಳಿಗೆ ಹೇಳುವ ಹೆಸರು. "ನಾನು ಇಂಥ ಟರ್ಮಿನಲ್" ಅಂತ. ಇದಕ್ಕೆ ಟಿಮಕ್ಸ್-256ಕಲರ್ ಅಂತ ಕೊಡಿ. ಸ್ಕ್ರೀನ್-256ಕಲರ್ ಅಂತಲೂ ಕೊಡಬಹುದು, ಆದರೆ ಸ್ಕ್ರೀನ್ ಅನ್ನುವ ಹಳೆಯ ಮಲ್ಟಿಪ್ಲೆಕ್ಸರ್‌ನ ಲೆಕ್ಕದಲ್ಲಿ ಓರೆ ಅಕ್ಷರದ ಸಂಕೇತಕ್ಕೆ ಬೇರೆ ಅರ್ಥ ಇದೆ. ಮ್ಯಾನ್ಯುಯಲ್ ಪುಟದಲ್ಲಿ ಓರೆಯಾಗಿ ಬರಬೇಕಾದ ಪದ ಬಣ್ಣ ತಿರುಗುಮುರುಗಾಗಿ ಕಂಡರೆ ಕಾರಣ ಇದೇ. ಟರ್ಮಿನಲ್-ಫೀಚರ್ಸ್ ಅನ್ನುವುದು ಹೊರಗಿನ ಟರ್ಮಿನಲ್ ಬಗ್ಗೆ ನಾವು ಟಿಮಕ್ಸಿಗೆ ಹೇಳುವುದು. ಹೊರಗಿನ ಟರ್ಮ್ ಹೆಸರು (ಆ ಟರ್ಮಿನಲ್ ತಾನು ಯಾರು ಅಂತ ಹೇಳಿಕೊಳ್ಳುವ ಹೆಸರು), ಒಂದು ಕೋಲನ್, ಆಮೇಲೆ ಆರ್‌ಜಿಬಿ. ಇದು 2021ರ 3.2 ಆವೃತ್ತಿಯಿಂದ ಇದೆ. ಅದಕ್ಕೂ ಹಳೆಯದಾದರೆ ಟರ್ಮಿನಲ್-ಓವರ್‌ರೈಡ್ಸ್‌ನಲ್ಲಿ ಟಿಸಿ ಅಂತ ಹಾಕಬೇಕು.

ಹೊರಗಿನ ಟರ್ಮ್ ಹೆಸರು ಗೊತ್ತಿಲ್ಲದಿದ್ದರೆ ಟಿಮಕ್ಸ್ ಒಳಗೆ ಹೋಗುವ ಮೊದಲು ಎಕೋ ಡಾಲರ್ ಟರ್ಮ್ ಮಾಡಿ ನೋಡಿ. ಒಳಗೆ ಹೋಗಿ ನೋಡಿದರೆ ಡಿಫಾಲ್ಟ್-ಟರ್ಮಿನಲ್ ಹೆಸರು ಬರುತ್ತದೆ. ಅದನ್ನೇ ಹೊರಗಿನ ಹೆಸರು ಅಂದುಕೊಂಡು ಬರೆದರೆ ಗಂಟೆಗಟ್ಟಲೆ ತಲೆ ಕೆರೆದುಕೊಂಡರೂ ಕೆಲಸ ಆಗುವುದಿಲ್ಲ. ಟಿಮಕ್ಸ್ ಏನು ಅರ್ಥಮಾಡಿಕೊಂಡಿದೆ ಅಂತ ಅದನ್ನೇ ಕೇಳುವ ದಾರಿಯೂ ಇದೆ. ಡಿಸ್‌ಪ್ಲೇ-ಮೆಸೇಜ್ ಆದೇಶಕ್ಕೆ ಕ್ಲೈಂಟ್ ಟರ್ಮ್‌ಫೀಚರ್ಸ್ ಅನ್ನುವ ಫಾರ್ಮ್ಯಾಟ್ (ಟಿಮಕ್ಸ್ ತಾನೇ ಮಾಹಿತಿ ತುಂಬುವ ಬರಹ) ಕೊಟ್ಟರೆ ಟರ್ಮಿನಲ್‌ಗೆ ಏನೇನು ಬರುತ್ತದೆ ಅನ್ನುವ ಪಟ್ಟಿ ಬರುತ್ತದೆ. ಅದರಲ್ಲಿ ಆರ್‌ಜಿಬಿ ಇದ್ದರೆ ಸರಿ. ಈ ಸೆಟ್ಟಿಂಗ್ ಬದಲಿಸಿದ ಮೇಲೆ ಒಮ್ಮೆ ಡಿಟ್ಯಾಚ್ ಆಗಿ ಮತ್ತೆ ಅಟ್ಯಾಚ್ ಆಗಬೇಕು, ಯಾಕೆಂದರೆ ಟಿಮಕ್ಸ್ ಹೊರಗಿನವನನ್ನು ವಿಚಾರಿಸುವುದು ಅವನು ಬಂದು ಸೇರಿಕೊಳ್ಳುವಾಗ. ಡಿಫಾಲ್ಟ್-ಟರ್ಮಿನಲ್ ಬದಲಿಸಿದರೆ ಹೊಸ ಪೇನ್‌ಗಳಿಗೆ ಮಾತ್ರ ಅದು ಹೊಂದುತ್ತದೆ.

ವಿಮ್ ಬಳಸುವವರು ಇನ್ನೊಂದು ಹೆಜ್ಜೆ ಇಡಬೇಕು. ಟರ್ಮ್‌ಗುಯಿಕಲರ್ಸ್ ಹಾಕಬೇಕು. ಟಿಮಕ್ಸ್ ಒಳಗೆ ಅಷ್ಟಕ್ಕೇ ಬಣ್ಣ ಬರದಿದ್ದರೆ, 24 ಬಿಟ್ ಬಣ್ಣದ ಎರಡು ಎಸ್ಕೇಪ್ ಸಂಕೇತಗಳನ್ನೂ ವಿಮ್‌ಗೆ ಕೈಯಾರೆ ಹೇಳಬೇಕು. ವಿಮ್‌ನ ಸಹಾಯ ಪುಟದಲ್ಲಿ ಆ ಎರಡು ಸಾಲು ಸಿದ್ಧವಾಗಿವೆ.

ಏನೇನಕ್ಕೆ ಬಣ್ಣ ಹಚ್ಚಬಹುದು

ಮುಖ್ಯವಾದವು ಬೆರಳೆಣಿಕೆಯಷ್ಟೇ. ಇಡೀ ಪಟ್ಟಿಗೆ ಸ್ಟೇಟಸ್-ಸ್ಟೈಲ್. ಈಗ ತೆರೆದಿರುವ ವಿಂಡೋದ ಹೆಸರಿಗೆ ವಿಂಡೋ-ಸ್ಟೇಟಸ್-ಕರೆಂಟ್-ಸ್ಟೈಲ್. ಪೇನ್‌ಗಳ ನಡುವಿನ ಗೆರೆಗೆ ಪೇನ್-ಬಾರ್ಡರ್-ಸ್ಟೈಲ್, ನೀವಿರುವ ಪೇನ್‌ನ ಗೆರೆಗೆ ಪೇನ್-ಆ್ಯಕ್ಟಿವ್-ಬಾರ್ಡರ್-ಸ್ಟೈಲ್. ಕಾಪಿ ಮಾಡಲು ಆಯ್ದ ಭಾಗಕ್ಕೆ ಮೋಡ್-ಸ್ಟೈಲ್. ಕೆಳಗೆ ಬರುವ ಸಂದೇಶಗಳಿಗೆ ಮೆಸೇಜ್-ಸ್ಟೈಲ್. ಕೊನೆಯ ಎರಡನ್ನು ಮುಟ್ಟದೆ ಬಿಟ್ಟರೆ ಕಪ್ಪು ಅಕ್ಷರ, ಹಳದಿ ಹಿನ್ನೆಲೆ. ಎಷ್ಟು ಚೆಂದದ ಥೀಮ್ ಮಾಡಿದರೂ ಕಾಪಿ ಮೋಡಿಗೆ ಹೋದ ಕೂಡಲೇ ಹಳದಿ ರಾಚುವುದು ಅದಕ್ಕೇ.

ಪಟ್ಟಿಯ ಎಡಕ್ಕೂ ಬಲಕ್ಕೂ ಏನು ಬರಬೇಕು ಅನ್ನುವುದು ಸ್ಟೇಟಸ್-ಲೆಫ್ಟ್ ಮತ್ತು ಸ್ಟೇಟಸ್-ರೈಟ್‌ನಲ್ಲಿ. ಇವುಗಳ ಉದ್ದಕ್ಕೆ ಮಿತಿ ಇದೆ. ನಾವು ಏನೂ ಹೇಳದಿದ್ದರೆ ಎಡಕ್ಕೆ 10 ಚೌಕ, ಬಲಕ್ಕೆ 40. ಸೆಷನ್ ಹೆಸರು ಅರ್ಧಕ್ಕೇ ಕತ್ತರಿಸಿ ಹೋಗುತ್ತಿದ್ದರೆ ಥೀಮನ್ನು ಬೈಯಬೇಡಿ, ಸ್ಟೇಟಸ್-ಲೆಫ್ಟ್-ಲೆಂತ್ ಜಾಸ್ತಿ ಮಾಡಿ.

ಸ್ಟೈಲ್ ಬದಲಿಸಿದರೂ ಬಣ್ಣ ಬದಲಾಗದ ಒಂದು ಸಂದರ್ಭ ಎಲ್ಲರಿಗೂ ಒಮ್ಮೆ ಎದುರಾಗುತ್ತದೆ. ವಿಂಡೋ ಹೆಸರಿನ ಫಾರ್ಮ್ಯಾಟ್ ಒಳಗೇ ಹ್ಯಾಶ್ ಮತ್ತು ಚೌಕ ಆವರಣ ಹಾಕಿ ಬಣ್ಣ ಬರೆಯಬಹುದು. ಹಾಗೆ ಒಳಗೆ ಬರೆದಿದ್ದು ಹೊರಗಿನ ಸ್ಟೈಲ್ ಮೇಲೆ ಕೂತುಕೊಳ್ಳುತ್ತದೆ. ಗೋಡೆಗೆ ಎಷ್ಟೇ ಹೊಸ ಬಣ್ಣ ಹೊಡೆದರೂ ಮೇಲೆ ಅಂಟಿಸಿದ ಪೋಸ್ಟರ್ ಬದಲಾಗುವುದಿಲ್ಲ. ಬೇರೆಯವರ ಥೀಮ್ ತಂದು ಅದರ ಮೇಲೆ ನಿಮ್ಮ ಬಣ್ಣ ಹಾಕಲು ಹೋದಾಗ ಇದೇ ಆಗುವುದು.

ಪೂರಾ ಪೇನ್‌ಗೇ ಬಣ್ಣ ಕೊಡುವ ವಿಂಡೋ-ಸ್ಟೈಲ್ ಮತ್ತು ವಿಂಡೋ-ಆ್ಯಕ್ಟಿವ್-ಸ್ಟೈಲ್ ನನಗೆ ತುಂಬಾ ಇಷ್ಟ. ನೀವಿಲ್ಲದ ಪೇನ್‌ಗಳನ್ನು ಒಂಚೂರು ಮಂಕು ಮಾಡಿದರೆ ಕಣ್ಣು ತಾನಾಗಿಯೇ ಕೆಲಸದ ಪೇನ್‌ಗೆ ಹೋಗುತ್ತದೆ. ಆದರೆ ತನ್ನದೇ ಹಿನ್ನೆಲೆ ಬಳಿದುಕೊಳ್ಳುವ ಎಡಿಟರ್ ಮಂಕಾಗುವುದಿಲ್ಲ. ಟಿಮಕ್ಸ್ ಬಳಿಯುವುದು ಪ್ರೋಗ್ರಾಂ ಖಾಲಿ ಬಿಟ್ಟ ಜಾಗಕ್ಕೆ ಮಾತ್ರ.

ಬಣ್ಣ ಏನಾದರೂ ಹೇಳಬೇಕು

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ. ಟಿಮಕ್ಸ್ ಫಾರ್ಮ್ಯಾಟ್‌ನಲ್ಲಿ "ಹೀಗಿದ್ದರೆ ಈ ಬಣ್ಣ, ಇಲ್ಲದಿದ್ದರೆ ಆ ಬಣ್ಣ" ಅಂತ ಬರೆಯಬಹುದು. ಕ್ಲೈಂಟ್ ಪ್ರಿಫಿಕ್ಸ್ ಅನ್ನುವ ಒಂದು ಸೂಚಕ ಇದೆ. ಟಿಮಕ್ಸ್ ಆದೇಶಗಳಿಗೆ ಮೊದಲು ಒತ್ತುವ ಕಂಟ್ರೋಲ್-ಬಿ ಅನ್ನು ನೀವು ಒತ್ತಿ ಮುಂದಿನ ಕೀಗೆ ಕಾಯುತ್ತಿರುವಾಗ ಅದು ನಿಜ ಆಗುತ್ತದೆ. ಅಷ್ಟು ಹೊತ್ತು ಪಟ್ಟಿಯ ಎಡತುದಿ ಕಿತ್ತಳೆ ಆಗುವಂತೆ ಮಾಡಿ. ಹೊಸಬರಿಗೆ ಟಿಮಕ್ಸ್ ಕಲಿಸುವಾಗ ನಾನು ಮೊದಲು ಹಾಕಿಕೊಡುವುದು ಇದನ್ನೇ. "ಒತ್ತಿದ್ದು ತಗೊಂಡಿತಾ ಇಲ್ಲವಾ" ಅನ್ನುವ ಅನುಮಾನ ಆವತ್ತೇ ಹೋಗುತ್ತದೆ.

ಇನ್ನೊಂದು ಪೇನ್ ಸಿಂಕ್ರನೈಸ್ಡ್. ಒಂದು ಪೇನ್‌ನಲ್ಲಿ ಟೈಪ್ ಮಾಡಿದ್ದು ಎಲ್ಲ ಪೇನ್‌ಗಳಿಗೂ ಹೋಗುವ ಸ್ಥಿತಿ. ಹತ್ತು ಸರ್ವರ್‌ಗಳಲ್ಲಿ ಒಂದೇ ಕೆಲಸ ಮಾಡಬೇಕಾದಾಗ ಬಹಳ ಉಪಯೋಗ. ಆಫ್ ಮಾಡಲು ಮರೆತರೆ ಬಹಳ ಅಪಾಯ. ಅದು ಆನ್ ಇರುವಾಗ ಇಡೀ ಪಟ್ಟಿ ಬಣ್ಣ ಬದಲಿಸಲಿ. ಪೇನ್ ಜೂಮ್ ಆಗಿರುವಾಗಲೂ ಒಂದು ಸಣ್ಣ ಗುರುತು ಬೇಕು, ಇಲ್ಲದಿದ್ದರೆ ಉಳಿದ ಪೇನ್‌ಗಳು ಎಲ್ಲಿ ಹೋದವು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಈ ಷರತ್ತುಗಳನ್ನು ಬರೆಯುವಾಗ ಎಡವುವುದು ಅಲ್ಪವಿರಾಮದಲ್ಲಿ. ಷರತ್ತಿನ ಮೂರು ಭಾಗಗಳನ್ನು ಬೇರ್ಪಡಿಸುವುದು ಅಲ್ಪವಿರಾಮ. ಅಕ್ಷರದ ಬಣ್ಣ ಮತ್ತು ಹಿನ್ನೆಲೆ ಬೇರ್ಪಡಿಸುವುದೂ ಅಲ್ಪವಿರಾಮ. ಎರಡೂ ಸೇರಿದರೆ ಟಿಮಕ್ಸ್ ತಪ್ಪು ಜಾಗದಲ್ಲಿ ಕತ್ತರಿಸುತ್ತದೆ. ಪಟ್ಟಿಯಲ್ಲಿ ಅರ್ಧಂಬರ್ಧ ಕೋಡ್ ಅಕ್ಷರಗಳು ಕಾಣುತ್ತಿದ್ದರೆ ಇದನ್ನೇ ಮೊದಲು ನೋಡಿ. ಒಳಗಿನ ಅಲ್ಪವಿರಾಮಕ್ಕೆ ಮೊದಲು ಒಂದು ಹ್ಯಾಶ್ ಹಾಕಿದರೆ ಸರಿಹೋಗುತ್ತದೆ.

ಸರ್ವರ್‌ಗೆ ತಕ್ಕ ಬಣ್ಣ ಕೊಡುವುದೂ ಹೀಗೇ. ಹೋಸ್ಟ್ ಹೆಸರಿನಲ್ಲಿ ಒಂದು ಪದ ಇದೆಯೇ ಅಂತ ಫಾರ್ಮ್ಯಾಟ್‌ನಲ್ಲೇ ಹೋಲಿಸಿ ನೋಡಬಹುದು. ಗ್ರಾಹಕರ ಸರ್ವರ್ ಕೆಂಪು, ಟೆಸ್ಟಿಂಗ್ ಹಸಿರು, ಸ್ವಂತ ಲ್ಯಾಪ್‌ಟಾಪ್ ಬೂದು. ಲ್ಯಾಪ್‌ಟಾಪಿನ ಟಿಮಕ್ಸ್ ಒಳಗಿಂದ ಸರ್ವರ್‌ಗೆ ಹೋಗಿ ಅಲ್ಲಿಯೂ ಟಿಮಕ್ಸ್ ತೆರೆದರೆ ಎರಡು ಪಟ್ಟಿಗಳು ಒಂದರ ಮೇಲೊಂದು ಬರುತ್ತವೆ. ಬಣ್ಣ ಬೇರೆ ಇದ್ದರೆ ಯಾವುದು ಯಾರದ್ದು ಅಂತ ಓದದೆಯೇ ತಿಳಿಯುತ್ತದೆ.

ಆದರೆ ಬಣ್ಣ ಒಂದನ್ನೇ ನಂಬಬೇಡಿ. ಕೆಂಪು ಹಸಿರು ಬೇರೆ ಬೇರೆ ಅಂತ ಸರಿಯಾಗಿ ಗುರುತಿಸಲಾಗದವರು ಕಡಿಮೆ ಏನಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಅಂಥವರು ಶೇಕಡ 8ರಷ್ಟು. ನಿಮ್ಮ ತಂಡದಲ್ಲೂ ಒಬ್ಬರು ಇರಬಹುದು, ಅವರು ಹೇಳಿರಲಿಕ್ಕಿಲ್ಲ. ಕೆಂಪು ಪಟ್ಟಿಯ ಜೊತೆಗೆ "ಲೈವ್" ಅಂತ ದಪ್ಪ ಅಕ್ಷರದಲ್ಲಿ ಒಂದು ಪದವನ್ನೂ ಹಾಕಿ. ಕೆಂಪಿನ ಬದಲು ಕಿತ್ತಳೆ, ಹಸಿರಿನ ಬದಲು ನೀಲಿ ಆರಿಸಿದರೆ ಇನ್ನೂ ಒಳ್ಳೆಯದು.

ಹೆಸರಿಗೋ ಅಳತೆಗೋ

ಥೀಮ್ ಮಾಡುವಾಗ ಒಂದು ದಾರಿ ಆರಿಸಬೇಕು. ಟಿಮಕ್ಸಿನಲ್ಲಿ ಆ 16 ಹೆಸರುಗಳನ್ನೇ ಬಳಸಿದರೆ ಬಣ್ಣದ ಯಜಮಾನಿಕೆ ಹೊರಗಿನ ಟರ್ಮಿನಲ್‌ನದ್ದು. ಅಲ್ಲಿ ಥೀಮ್ ಬದಲಿಸಿದರೆ ಟಿಮಕ್ಸ್, ಶೆಲ್, ಎಲ್ಎಸ್ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಹಗಲಿಗೆ ಬಿಳಿ, ರಾತ್ರಿಗೆ ಕಪ್ಪು ಮಾಡಿಕೊಳ್ಳುವವರಿಗೆ ಇದಕ್ಕಿಂತ ಸುಲಭ ಇಲ್ಲ. ಅಳತೆ ಕೊಟ್ಟು ಬರೆದರೆ ಎಲ್ಲಿ ಹೋದರೂ ಅದೇ ಬಣ್ಣ ಬರುತ್ತದೆ. ಆದರೆ ಟರ್ಮಿನಲ್ ಬಿಳಿಯಾದರೂ ಪಟ್ಟಿ ಕಪ್ಪಾಗಿಯೇ ಉಳಿಯುತ್ತದೆ.

ಹೆಸರಿನ ದಾರಿಯಲ್ಲೂ ಒಂದು ಗುಂಡಿ ಇದೆ. ಈಥನ್ ಸ್ಕೂನೋವರ್ 2011ರಲ್ಲಿ ಕೊಟ್ಟ ಸೋಲರೈಸ್ಡ್ ಥೀಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು 16 ಜಾಗಗಳಲ್ಲೇ ತನಗೆ ಬೇಕಾದ ಎಂಟು ಬೂದು ಛಾಯೆಗಳನ್ನೂ ಎಂಟು ಬಣ್ಣಗಳನ್ನೂ ಕೂರಿಸಿತು. ಅದಕ್ಕಾಗಿ ಬ್ರೈಟ್ ಹೆಸರುಗಳ ಜಾಗದಲ್ಲಿ ಹೆಚ್ಚಿನದನ್ನು ಬೂದು ಛಾಯೆಗಳಿಗೆ ಕೊಟ್ಟಿತು. ಹಾಗಾಗಿ ಸೋಲರೈಸ್ಡ್‌ನಲ್ಲಿ "ಬ್ರೈಟ್ ಹಸಿರು" ಅಂದರೆ ಬೂದು. "ಬ್ರೈಟ್ ಕಪ್ಪು" ಅಂದರೆ ಕಡು ಥೀಮಿನ ಹಿನ್ನೆಲೆಯೇ. ಯಾವುದೋ ಪ್ರೋಗ್ರಾಂ ಬ್ರೈಟ್ ಕಪ್ಪಿನಲ್ಲಿ ಬರೆದರೆ ಅಕ್ಷರ ಇದ್ದೂ ಕಾಣುವುದಿಲ್ಲ. ಟಿಮಕ್ಸ್ ಥೀಮಿನಲ್ಲಿ ಹೆಸರು ಬಳಸುವುದಾದರೆ ಮೊದಲ ಎಂಟರಲ್ಲೇ ಇರಿ. ಅವು ಬಹುಪಾಲು ಎಲ್ಲ ಕಡೆ ಹೆಸರಿಗೆ ತಕ್ಕ ಹಾಗೇ ಇರುತ್ತವೆ.

ನಾನು ಬಳಸುವುದು ಎರಡನ್ನೂ ಸೇರಿಸಿದ ದಾರಿ. ಪಟ್ಟಿಯ ಹಿನ್ನೆಲೆಗೆ ಡಿಫಾಲ್ಟ್ ಅಂತ ಕೊಟ್ಟು ಟರ್ಮಿನಲ್‌ಗೇ ಬಿಟ್ಟಿದ್ದೇನೆ. ಎಚ್ಚರಿಕೆಯ ಎರಡು ಬಣ್ಣಗಳಿಗೆ ಮಾತ್ರ ಅಳತೆ ಕೊಟ್ಟಿದ್ದೇನೆ, ಯಾಕೆಂದರೆ ಅವು ಯಾವ ಪರದೆಯಲ್ಲೂ ಸೌಮ್ಯವಾಗಬಾರದು.

ಕೆಲಸಕ್ಕೆ ತಕ್ಕ ಹೆಸರು, ಒಂದೇ ಫೈಲ್

ಒಂದು ವರ್ಷದ ಮೇಲೆ ನಿಮ್ಮದೇ ಥೀಮ್ ನಿಮಗೇ ಅರ್ಥ ಆಗದಿರಲು ಒಂದೇ ಕಾರಣ. ಅದೇ #282828 ಹದಿನಾಲ್ಕು ಕಡೆ ಬರೆದಿರುತ್ತೀರಿ. ಎಲ್ಲಿ ಅದು ಹಿನ್ನೆಲೆ, ಎಲ್ಲಿ ಅದು ಅಕ್ಷರ ಅಂತ ಮರೆತಿರುತ್ತೀರಿ.

ಟಿಮಕ್ಸ್‌ನಲ್ಲಿ @ ಚಿಹ್ನೆಯಿಂದ ಶುರುವಾಗುವ ಆಯ್ಕೆಗಳನ್ನು ನಾವೇ ಹುಟ್ಟಿಸಿಕೊಳ್ಳಬಹುದು. ಬಣ್ಣಗಳನ್ನೆಲ್ಲ ಒಂದು ಸಣ್ಣ ಫೈಲಿನಲ್ಲಿ ಹೀಗೆ ಬರೆದಿಡಿ. ಹೆಸರು ಇಡುವಾಗ ಬಣ್ಣದ ಹೆಸರು ಬೇಡ, ಕೆಲಸದ ಹೆಸರು ಇಡಿ. "ನೀಲಿ" ಅಂತ ಇಟ್ಟು ನಾಳೆ ಅದಕ್ಕೆ ನೇರಳೆ ತುಂಬಿದರೆ ಗೊಂದಲ ಶುರು. "ಪಟ್ಟಿಯ ಹಿನ್ನೆಲೆ", "ಮಂಕು ಅಕ್ಷರ", "ಈಗಿನ ವಿಂಡೋ", "ಎಚ್ಚರಿಕೆ" ಅಂತ ಇಟ್ಟರೆ ಬಣ್ಣ ಯಾವುದಾದರೂ ಹೆಸರು ಸುಳ್ಳಾಗುವುದಿಲ್ಲ. ನನಗೆ ಆರು ಹೆಸರು ಸಾಕಾಗಿವೆ. ಹತ್ತು ದಾಟಿದರೆ ಯಾವುದೋ ಎರಡು ಒಂದೇ ಕೆಲಸ ಮಾಡುತ್ತಿವೆ ಅಂತ ಅರ್ಥ.

ಎರಡನೇ ಫೈಲಿನಲ್ಲಿ ಬಣ್ಣದ ಅಳತೆ ಒಂದೂ ಇರಬಾರದು, ಈ ಹೆಸರುಗಳು ಮಾತ್ರ. ಸೆಟ್ ಆದೇಶಕ್ಕೆ ದೊಡ್ಡ ಎಫ್ ಫ್ಲ್ಯಾಗ್ (-F) ಕೊಟ್ಟರೆ ಹೆಸರಿನ ಜಾಗದಲ್ಲಿ ಆ ಕ್ಷಣದ ಬಣ್ಣ ಕೂರುತ್ತದೆ. ಆಮೇಲೆ ಹೆಸರಿನ ಬಣ್ಣ ಬದಲಿಸಿದರೂ ಅದು ಬದಲಾಗುವುದಿಲ್ಲ, ಫೈಲನ್ನು ಮತ್ತೆ ಓದಿಸಬೇಕು. ಸ್ಟೇಟಸ್-ಲೆಫ್ಟ್‌ನಂಥ ಫಾರ್ಮ್ಯಾಟ್‌ಗಳ ಒಳಗೆ ಬರೆದ ಹೆಸರು ಹಾಗಲ್ಲ. ಪಟ್ಟಿ ಬರೆಯುವಾಗಲೆಲ್ಲ ಹೊಸದಾಗಿ ನೋಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ "ಅರ್ಧ ಪಟ್ಟಿ ಬದಲಾಯಿತು, ಅರ್ಧ ಇಲ್ಲ" ಅನ್ನುವ ಸ್ಥಿತಿ ಬರುತ್ತದೆ.

ಹೀಗೆ ಬೇರೆ ಮಾಡಿಟ್ಟರೆ ಹಗಲಿನ ಥೀಮ್, ರಾತ್ರಿಯ ಥೀಮ್ ಅಂದರೆ ಅದೇ ಆರು ಹೆಸರಿನ ಎರಡು ಫೈಲ್ ಅಷ್ಟೇ. ಒಂದು ಕೀಗೆ ಒಂದು ಫೈಲ್, ಇನ್ನೊಂದು ಕೀಗೆ ಇನ್ನೊಂದು.

ಬಾಣದ ಮೊನೆಯಂಥ ತುದಿ ಇರುವ ಪಟ್ಟಿಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಆ ಮೊನೆ ಒಂದು ಅಕ್ಷರ, ಯೂನಿಕೋಡ್‌ನ ಖಾಸಗಿ ಜಾಗದಲ್ಲಿ ಕೂತಿರುವಂಥದ್ದು. ನರ್ಡ್ ಫಾಂಟ್ಸ್‌ನಂಥ ಫಾಂಟ್ ಇಲ್ಲದಿದ್ದರೆ ಖಾಲಿ ಡಬ್ಬಿ ಕಾಣುತ್ತದೆ. ಮೊನೆಯ ಅಕ್ಷರದ ಬಣ್ಣ ಎಡಭಾಗದ ಹಿನ್ನೆಲೆ ಆಗಿರಬೇಕು, ಅದರ ಹಿನ್ನೆಲೆ ಬಲಭಾಗದ ಹಿನ್ನೆಲೆ ಆಗಿರಬೇಕು. ಅಂದರೆ ಒಂದು ಭಾಗದ ಬಣ್ಣ ಬದಲಿಸಿದರೆ ಅಕ್ಕಪಕ್ಕದ ಎರಡು ಮೊನೆಗಳನ್ನೂ ಬದಲಿಸಬೇಕು. ನೋಡಲು ಚೆಂದ, ಸಾಕಲು ಕಷ್ಟ. ನಾನು ಬಿಟ್ಟುಬಿಟ್ಟೆ. ಒಂದು ಖಾಲಿ ಜಾಗ ಅದೇ ಕೆಲಸ ಮಾಡುತ್ತದೆ.

ಆವೃತ್ತಿ, ರೀಲೋಡ್, ಬೇರೆ ಸರ್ವರ್

2014ರ 1.9 ಆವೃತ್ತಿಯವರೆಗೆ ಅಕ್ಷರದ ಬಣ್ಣ, ಹಿನ್ನೆಲೆ, ದಪ್ಪ ಇವಕ್ಕೆಲ್ಲ ಬೇರೆ ಬೇರೆ ಆಯ್ಕೆಗಳಿದ್ದವು. ಪೇನ್-ಬಾರ್ಡರ್-ಎಫ್‌ಜಿ, ಮೆಸೇಜ್-ಬಿಜಿ ಇತ್ಯಾದಿ. 1.9ರಲ್ಲಿ ಅವೆಲ್ಲ ಸ್ಟೈಲ್ ಅನ್ನುವ ಒಂದೇ ಆಯ್ಕೆಯಲ್ಲಿ ಸೇರಿದವು. ಹಳೆಯವು ಐದು ವರ್ಷ ಹಾಗೇ ನಡೆದವು. 2019ರ 2.9ರಲ್ಲಿ ತೆಗೆದುಹಾಕಿದರು. ಆವಾಗ ಎಷ್ಟೋ ಜನರ ಕಾನ್ಫಿಗ್ ಒಂದೇ ಅಪ್‌ಡೇಟಿಗೆ ದೋಷ ತೋರಿಸಿತು. ಈಗಲೂ ಹಳೆಯ ಲೇಖನದಿಂದ ಕಾಪಿ ಮಾಡಿದ ಸಾಲು "ಇಂಥ ಆಯ್ಕೆ ಇಲ್ಲ" ಅಂದರೆ ಇದೇ ಕಥೆ.

ಪ್ಲಗಿನ್ ಆಗಿ ಬರುವ ಥೀಮ್‌ಗಳಲ್ಲೂ ಇಂಥ ಬದಲಾವಣೆ ಆಗುತ್ತದೆ. ನಾನು ಬಳಸುತ್ತಿದ್ದ ಒಂದು ಥೀಮ್ ಅಪ್‌ಡೇಟ್ ಆಗಿ ಆಯ್ಕೆಗಳ ಹೆಸರೆಲ್ಲ ಬದಲಾದವು. ಪಟ್ಟಿಯ ಬಲಭಾಗ ಖಾಲಿ. ಅದೂ ಒಂದು ಡೆಮೊ ಇದ್ದ ಬೆಳಿಗ್ಗೆ. ಬೇರೆಯವರ ಥೀಮ್ ಬಳಸಿ, ಖಂಡಿತ ಬಳಸಿ. ಆದರೆ ಅದನ್ನು ಒಂದು ಆವೃತ್ತಿಗೆ ಕಟ್ಟಿಹಾಕಿ, ಬಿಡುವಿದ್ದಾಗ ಮಾತ್ರ ಅಪ್‌ಡೇಟ್ ಮಾಡಿ.

ರೀಲೋಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಾನ್ಫಿಗ್ ಫೈಲನ್ನು ಮತ್ತೆ ಓದಿಸುವ ಸೋರ್ಸ್-ಫೈಲ್ ಆದೇಶ ಕೊಟ್ಟರೆ ಟಿಮಕ್ಸ್ ಹಳೆಯದನ್ನೆಲ್ಲ ಒರೆಸಿ ಹೊಸದಾಗಿ ಓದುವುದಿಲ್ಲ. ಇರುವುದರ ಮೇಲೆ ಇನ್ನೊಮ್ಮೆ ಆದೇಶ ನಡೆಸುತ್ತದೆ ಅಷ್ಟೇ. ಫೈಲಿನಿಂದ ಒಂದು ಸಾಲು ಅಳಿಸಿದಿರಿ ಅಂದುಕೊಳ್ಳಿ. ಅದು ಹಾಕಿದ್ದ ಬಣ್ಣ ಟಿಮಕ್ಸ್ ಸರ್ವರ್ (ಹಿನ್ನೆಲೆಯಲ್ಲಿ ನಡೆಯುತ್ತಿರುವ ಟಿಮಕ್ಸ್ ಪ್ರೋಗ್ರಾಂ) ಸಾಯುವವರೆಗೆ ಇರುತ್ತದೆ. ಮೂರು ತಿಂಗಳ ನಂತರ ಮಷಿನ್ ರೀಬೂಟ್ ಆದಾಗ "ಏನೂ ಮಾಡಿಲ್ಲ, ಬಣ್ಣ ಬದಲಾಯಿತು" ಅನಿಸುತ್ತದೆ. ಒಂದು ಆಯ್ಕೆಯನ್ನು ಮೊದಲಿನ ಸ್ಥಿತಿಗೆ ತರಲು ಸೆಟ್ ಆದೇಶಕ್ಕೆ ಯು ಫ್ಲ್ಯಾಗ್ ಕೊಡಬೇಕು. ಎ ಫ್ಲ್ಯಾಗ್ ಹಾಕಿ ಸೇರಿಸುವ ಸಾಲುಗಳು ಇನ್ನೊಂದು ತೊಂದರೆ. ರೀಲೋಡ್ ಮಾಡಿದಷ್ಟು ಸಲವೂ ಅದೇ ಮೌಲ್ಯ ಹಿಂದೆ ಹಿಂದೆ ಸೇರುತ್ತಾ ಹೋಗುತ್ತದೆ.

ಹಾಗಾಗಿ ಥೀಮ್ ತಿದ್ದುವಾಗ ಕೆಲಸದ ಸೆಷನ್‌ನಲ್ಲಿ ತಿದ್ದಬೇಡಿ. ಟಿಮಕ್ಸಿಗೆ ದೊಡ್ಡ ಎಲ್ ಫ್ಲ್ಯಾಗ್ ಜೊತೆ ಬೇರೆ ಒಂದು ಹೆಸರು ಕೊಟ್ಟರೆ ಪೂರ್ತಿ ಬೇರೆ ಸರ್ವರ್ ಶುರುವಾಗುತ್ತದೆ. ಸಣ್ಣ ಎಫ್ ಫ್ಲ್ಯಾಗ್ ಜೊತೆ ಪ್ರಯೋಗದ ಫೈಲ್ ಕೊಡಿ. ಏನು ಕೆಟ್ಟರೂ ಅಲ್ಲೇ ಕೆಡುತ್ತದೆ. ಕೊಂದು ಮತ್ತೆ ಶುರುಮಾಡಿದರೆ ಫೈಲಿನಲ್ಲಿ ಇದ್ದಷ್ಟೇ ಕಾಣುತ್ತದೆ, ಹಳೆಯ ಕಲೆ ಏನೂ ಉಳಿಯುವುದಿಲ್ಲ. ಸರಿಯಾದ ಮೇಲೆ, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಹಾಕಿ. ಯಾವ ಬಣ್ಣವನ್ನು ಯಾಕೆ ಬದಲಿಸಿದಿರಿ ಅಂತ ಕಮಿಟ್‌ನಲ್ಲಿ ಒಂದು ಸಾಲು ಬರೆಯಿರಿ, ಆರು ತಿಂಗಳ ಮೇಲೆ ನೀವೇ ನಿಮಗೆ ಥ್ಯಾಂಕ್ಸ್ ಹೇಳುತ್ತೀರಿ. 3.1ರಿಂದ ಕಾನ್ಫಿಗ್ ಫೈಲನ್ನು ಹೋಮ್ ಡೈರೆಕ್ಟರಿಯ ಡಾಟ್ ಕಾನ್ಫಿಗ್ ಒಳಗೆ ಟಿಮಕ್ಸ್ ಫೋಲ್ಡರ್‌ನಲ್ಲೂ ಇಡಬಹುದು. ಬಣ್ಣದ ಫೈಲ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ಅದು ಅನುಕೂಲ.

ಟಿಮಕ್ಸ್ ಒಳಗಿಂದ ಹಳೆಯ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದಾಗ "ಟಿಮಕ್ಸ್-256ಕಲರ್ ಅಂದರೆ ಯಾವ ಟರ್ಮಿನಲ್ ಗೊತ್ತಿಲ್ಲ" ಅನ್ನುವ ಅರ್ಥದ ದೋಷ ಬರುವುದುಂಟು. ಆ ಮಷಿನ್‌ನಲ್ಲಿ ಟರ್ಮಿನಲ್‌ಗಳ ವಿವರ ಇಡುವ ಟರ್ಮ್‌ಇನ್ಫೋ ಭಂಡಾರದಲ್ಲಿ ಆ ಹೆಸರು ಇಲ್ಲ ಅಂತ ಅರ್ಥ. ನಿಮ್ಮ ಮಷಿನ್‌ನಲ್ಲಿ ಇನ್ಫೋಸಿಎಂಪಿ ಆದೇಶದಿಂದ ಆ ವಿವರ ತೆಗೆದು, ಅಲ್ಲಿ ಟಿಕ್ ಆದೇಶಕ್ಕೆ ಕೊಟ್ಟರೆ ನಿಮ್ಮ ಹೋಮ್ ಡೈರೆಕ್ಟರಿಯೊಳಗೇ ಕೂರುತ್ತದೆ. ರೂಟ್ ಅಧಿಕಾರ ಬೇಕಿಲ್ಲ.

ಓದಲು ಆಗಬೇಕು

ವೆಬ್ ಪುಟಗಳಿಗೆ ಒಂದು ಮಾನದಂಡ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಟರ್ಮಿನಲ್‌ಗೂ ಅದನ್ನೇ ಇಟ್ಟುಕೊಳ್ಳಿ. ಬೂದು ಮೇಲೆ ಬೂದು ಫೋಟೋದಲ್ಲಿ ತುಂಬಾ ಚೆಂದ. ಮಧ್ಯಾಹ್ನ ಕಿಟಕಿ ಪಕ್ಕ ಕೂತರೆ ಏನೂ ಕಾಣುವುದಿಲ್ಲ. ಮೀಟಿಂಗ್ ರೂಮಿನ ಪ್ರೊಜೆಕ್ಟರ್ ಇನ್ನೂ ಕಠಿಣ ಪರೀಕ್ಷೆ. ನಾನು ಹೊಸ ಬಣ್ಣ ಹಾಕಿದಾಗ ಲ್ಯಾಪ್‌ಟಾಪಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಎರಡು ಹೆಜ್ಜೆ ಹಿಂದೆ ನಿಂತು ವಿಂಡೋ ಹೆಸರು ಓದಲು ನೋಡುತ್ತೇನೆ.

ಪಟ್ಟಿಯಲ್ಲಿ ಕನ್ನಡ ಹಾಕಬಹುದಾ ಅಂತ ಸ್ನೇಹಿತರೊಬ್ಬರು ಕೇಳಿದ್ದರು. ಹಾಕಬಹುದು. ಟೈಮ್ ಲೊಕೇಲ್ (ದಿನ, ಸಮಯ ಯಾವ ಭಾಷೆಯಲ್ಲಿ ಬರಬೇಕು ಅನ್ನುವ ಸೆಟ್ಟಿಂಗ್) ಅನ್ನು ಕನ್ನಡ ಮಾಡಿ ಟಿಮಕ್ಸ್ ಸರ್ವರ್ ಶುರುಮಾಡಿದರೆ ವಾರದ ಹೆಸರು "ಸೋಮವಾರ" ಅಂತಲೇ ಬರುತ್ತದೆ. ನೋಡಿದಾಗ ನಿಜವಾಗಿ ಖುಷಿಯಾಗುತ್ತದೆ. ಆದರೆ ಟರ್ಮಿನಲ್ ಯೋಚಿಸುವುದು ಚೌಕಗಳಲ್ಲಿ, ನಮ್ಮ ಕಾಗುಣಿತ ಮತ್ತು ಒತ್ತಕ್ಷರ ಚೌಕಕ್ಕೆ ಸರಿಯಾಗಿ ಕೂರುವುದಿಲ್ಲ. "ಸೋ" ಎಷ್ಟು ಚೌಕ ಅನ್ನುವುದರಲ್ಲಿ ಟಿಮಕ್ಸಿನ ಲೆಕ್ಕ ಒಂದು, ಟರ್ಮಿನಲ್‌ನ ಲೆಕ್ಕ ಇನ್ನೊಂದು ಆದರೆ ಅದರ ಮುಂದಿನದೆಲ್ಲ ಸರಿದು ಬಣ್ಣದ ಅಂಚು ತಪ್ಪುತ್ತದೆ. ಕನ್ನಡ ಇರುವ ಭಾಗಕ್ಕೆ ಬೇರೆ ಹಿನ್ನೆಲೆ ಬಣ್ಣ ಕೊಡಬೇಡಿ, ಪಟ್ಟಿಯ ಬಣ್ಣವೇ ಇರಲಿ. ಅಂಚೇ ಇಲ್ಲದ ಕಡೆ ಅಂಚು ತಪ್ಪಿದ್ದು ಕಾಣುವುದಿಲ್ಲ. ಬಲತುದಿಯಲ್ಲಿ ಎರಡು ಖಾಲಿ ಜಾಗ ಬಿಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿದ ಮೇಲೆ "ಶುಕ್ರವಾರ" ಕತ್ತರಿಸದೆ ಪೂರ್ತಿ ಬರುತ್ತಿದೆ.